ಮೊದಲು ಕರೆಂಟಿನ ಡಬ್ಬಿ, ಆಮೇಲೆ ಕಂಪ್ಯೂಟರ್



ಎಲೆಕ್ಟ್ರಿಕಲ್ ಅಂಗಡಿಗೆ ಬಲ್ಬ್ ತರಲು ಹೋದರೆ ಅಂಗಡಿಯವರು ಏನು ಮಾಡುತ್ತಾರೆ ಹೇಳಿ? ಡಬ್ಬದಿಂದ ಹೊರಗೆ ತೆಗೆದು, ಅಲ್ಲೇ ಗೋಡೆಗೆ ಹೊಡೆದಿರುವ ಹೋಲ್ಡರಿಗೆ ಸಿಕ್ಕಿಸಿ, ಒಂದು ಸಲ ಉರಿಸಿ ತೋರಿಸಿಯೇ ನಮ್ಮ ಕೈಗೆ ಕೊಡುತ್ತಾರೆ. ನೂರು ರೂಪಾಯಿಯ ಬಲ್ಬಿಗೆ ಇಷ್ಟು ಜಾಗ್ರತೆ. ಅದೇ, ಮಕ್ಕಳ ಓದಿಗೆಂದು ಮೂವತ್ತು ನಲವತ್ತು ಸಾವಿರ ಸುರಿದು ಕಂಪ್ಯೂಟರಿನ ಬಿಡಿ ಭಾಗಗಳನ್ನು ತರುತ್ತೇವಲ್ಲ, ಆಗ ಆ ಭಾಗಗಳಿಗೆಲ್ಲ ಕರೆಂಟು ಹಂಚುವ ಡಬ್ಬಿಯನ್ನು ಮಾತ್ರ ಯಾರೂ ಪರೀಕ್ಷೆ ಮಾಡಿ ನೋಡುವುದಿಲ್ಲ. ರಟ್ಟಿನ ಪೆಟ್ಟಿಗೆಯಿಂದ ತೆಗೆದವರೇ ನೇರವಾಗಿ ಒಳಗೆ ಕೂರಿಸಿ ಸ್ವಿಚ್ ಒತ್ತಿಬಿಡುತ್ತಾರೆ.

ಈ ಮಾತು ಈಗ ಯಾಕೆ ಬಂತೆಂದರೆ, ಅರಸೀಕೆರೆ ಕಡೆಯ ಒಬ್ಬ ಸೋದರಿ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಮನೆಯಲ್ಲೇ ರವಿಕೆ ಹೊಲಿದು, ಸೀರೆಗೆ ಫಾಲ್ಸ್ ಹಾಕಿ ಸಂಸಾರ ತೂಗಿಸುತ್ತಿರುವವರು. ಮಗ ಡಿಪ್ಲೊಮಾ ಓದುತ್ತಿದ್ದಾನೆ. ರೆಡಿ ಕಂಪ್ಯೂಟರ್ ಬೇಡ, ಭಾಗಗಳನ್ನು ತಂದು ನಾನೇ ಜೋಡಿಸುತ್ತೇನೆ, ಅದೇ ದುಡ್ಡಿಗೆ ಒಳ್ಳೆಯದು ಸಿಗುತ್ತದೆ ಎಂದು ಅವನ ಹಟ. ಹುಡುಗ ಹೇಳುವುದು ಸುಳ್ಳಲ್ಲ. ಇವರು ಚೀಟಿ ಎತ್ತಿದ ಹಣ ಕೊಟ್ಟಿದ್ದಾರೆ. ಸಾಮಾನೆಲ್ಲ ಒಂದೊಂದಾಗಿ ಮನೆಗೆ ಬಂದಿದೆ. ಈಗ ಅವರಿಗೆ ರಾತ್ರಿ ನಿದ್ದೆಯಿಲ್ಲ. ಸ್ವಿಚ್ ಹಾಕಿದ ಕೂಡಲೆ ಎಲ್ಲ ಸುಟ್ಟುಹೋದರೆ? ಅಷ್ಟು ಹಣ ಮತ್ತೆ ಕೂಡಿಡಲು ಎರಡು ವರ್ಷ ಬೇಕು. ಮಗನನ್ನು ಕೇಳಿದರೆ "ನಿಂಗೆ ಗೊತ್ತಾಗಲ್ಲ, ಸುಮ್ನಿರಮ್ಮ" ಅನ್ನುತ್ತಾನಂತೆ.

ಗೊತ್ತಾಗದೆ ಏನಮ್ಮಾ? ಗಿರಾಕಿಯ ರೇಷ್ಮೆ ಬಟ್ಟೆಗೆ ಸೂಜಿ ಹಾಕುವ ಮುಂಚೆ ನೀವು ಒಂದು ಚಿಂದಿಯ ಮೇಲೆ ಹೊಲಿಗೆ ಓಡಿಸಿ ನೋಡುತ್ತೀರಿ. ದಾರ ಬಿಗಿಯಾಯಿತೋ, ಸಡಿಲವಾಯಿತೋ ಅಲ್ಲೇ ತಿಳಿಯುತ್ತದೆ. ಕೆಟ್ಟರೆ ಚಿಂದಿ ಕೆಡಲಿ, ರೇಷ್ಮೆ ಕೆಡಬಾರದು. ಕಂಪ್ಯೂಟರ್ ಜೋಡಿಸುವುದಕ್ಕೂ ಇದೇ ಬುದ್ಧಿ ಸಾಕು. ಕರೆಂಟಿನ ಡಬ್ಬಿಯನ್ನು ಒಂಟಿಯಾಗಿ ಇಟ್ಟು, ಬೇರೆ ಯಾವುದನ್ನೂ ಅದಕ್ಕೆ ತಗುಲಿಸದೆ, ಮೊದಲು ಅದನ್ನಷ್ಟೇ ಪರೀಕ್ಷಿಸಬೇಕು. ಅರ್ಧ ಗಂಟೆಯ ಕೆಲಸ.

ನಾನು ಎಸ್‌ಎಸ್‌ಎಲ್‌ಸಿ ತನಕ ಓದಿದವಳು. ಇದನ್ನೆಲ್ಲ ಕಲಿತದ್ದು ಕಾಲೇಜಿನಲ್ಲಲ್ಲ. ನಮ್ಮ ಮೈದುನ ಊರಿನಲ್ಲಿ ಟಿ.ವಿ., ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಮಧ್ಯಾಹ್ನ ಅವನಿಗೆ ಊಟ ತೆಗೆದುಕೊಂಡು ಹೋದವಳು ಸ್ವಲ್ಪ ಹೊತ್ತು ಅಲ್ಲೇ ಕೂತು ನೋಡುತ್ತಾ ನೋಡುತ್ತಾ ಮೀಟರ್ ಹಿಡಿಯುವುದನ್ನು ಕಲಿತೆ. "ಅತ್ತಿಗೆ, ಮೀಟರ್ ಸುಳ್ಳು ಹೇಳಲ್ಲ. ಹಿಡಿಯೋ ಕೈ ಸರಿಯಾಗಿದ್ರೆ ಆಯ್ತು" ಅನ್ನುತ್ತಾನೆ ಅವನು. ಈಗ ನಮ್ಮ ನೆಂಟರಿಷ್ಟರಲ್ಲಿ ಯಾರು ಕಂಪ್ಯೂಟರ್ ಜೋಡಿಸಿದರೂ ಡಬ್ಬಿಯ ಪರೀಕ್ಷೆ ನನ್ನದೇ.

ಈ ಡಬ್ಬಿ ಮಾಡುವುದೇನು?

ಅಂಗಡಿಯಲ್ಲಿ ಇದನ್ನು ಎಸ್‌ಎಂಪಿಎಸ್ ಎಂದು ಕೇಳಿ. ಪವರ್ ಸಪ್ಲೈ ಎಂದರೂ ಕೊಡುತ್ತಾರೆ. ನಮ್ಮ ಗೋಡೆಯ ಪ್ಲಗ್ಗಿಗೆ ಬರುವುದು 230 ವೋಲ್ಟಿನ ಎ.ಸಿ. ಕರೆಂಟು. ಕಂಪ್ಯೂಟರಿನ ಒಳಗಿನ ಭಾಗಗಳಿಗೆ ಬೇಕಾದದ್ದು 12, 5 ಮತ್ತು 3.3 ವೋಲ್ಟಿನ ಡಿ.ಸಿ. ಕರೆಂಟು. ಡಬ್ಬಿ ಮೊದಲು ಎ.ಸಿ.ಯನ್ನು ಸುಮಾರು 325 ವೋಲ್ಟಿನ ಡಿ.ಸಿ. ಮಾಡಿಕೊಳ್ಳುತ್ತದೆ. ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನಲ್ಲಿ ಇಳಿಸಿ, ಸೋಸಿ, ಬೇಕಾದ ಅಳತೆಗೆ ಬಡಿಸುತ್ತದೆ. ಹೀಗೆ ಸದಾ ಸ್ವಿಚ್ ಹಾಕುತ್ತ ತೆಗೆಯುತ್ತ ಇರುವುದರಿಂದಲೇ ಅದಕ್ಕೆ ಸ್ವಿಚ್ಡ್ ಮೋಡ್ ಪವರ್ ಸಪ್ಲೈ ಎಂದು ಹೆಸರು.

ಮದರ್‌ಬೋರ್ಡ್, ಪ್ರೊಸೆಸರ್, ಮೆಮೊರಿ, ಡಿಸ್ಕ್ ಇವೆಲ್ಲ ಉಣ್ಣುವುದು ಈ ಒಂದೇ ಕೈಯಿಂದ. ಆದ್ದರಿಂದ ಬೇರೆ ಯಾವ ಭಾಗ ಕೆಟ್ಟರೂ ಸಾಮಾನ್ಯವಾಗಿ ಅದೊಂದೇ ಕೆಡುತ್ತದೆ. ಡಬ್ಬಿ ಕೆಟ್ಟು 12 ವೋಲ್ಟಿನ ಬದಲು ಹೆಚ್ಚು ಬಿಟ್ಟರೆ ಜೊತೆಯವರನ್ನೂ ಕರೆದುಕೊಂಡು ಹೋಗುತ್ತದೆ. ಕ್ಯಾಬಿನೆಟ್ ಜೊತೆಗೆ ಪುಕ್ಕಟೆ ಬಂದ ಡಬ್ಬಿಯಿಂದ ಹೊಸ ಮದರ್‌ಬೋರ್ಡ್ ಸುಟ್ಟುಕೊಂಡು ಮೈದುನನ ಅಂಗಡಿಗೆ ಬಂದವರನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

1981ರಲ್ಲಿ ಐಬಿಎಂನವರ ಮೊದಲ ಪರ್ಸನಲ್ ಕಂಪ್ಯೂಟರ್ ಬಂದಾಗ ಅದರ ಡಬ್ಬಿಯ ಶಕ್ತಿ 63.5 ವ್ಯಾಟ್ ಮಾತ್ರ. ಈಗ ಆಟವಾಡುವ ಹುಡುಗರ ಗ್ರಾಫಿಕ್ಸ್ ಕಾರ್ಡ್ ಒಂದೇ 300 ವ್ಯಾಟ್ ನುಂಗುವುದುಂಟು. 1995ರಲ್ಲಿ ಇಂಟೆಲ್‌ನವರು ಎಟಿಎಕ್ಸ್ ಎಂಬ ಕಟ್ಟಳೆ ತಂದರು. ಯಾವ ಬಣ್ಣದ ವೈರಿನಲ್ಲಿ ಎಷ್ಟು ವೋಲ್ಟ್, ಯಾವ ವೈರ್ ಎಲ್ಲಿ ಎಂಬುದು ಅದರಲ್ಲಿ ಗೊತ್ತಾಗಿದೆ. ಮೊದಲು 20 ಪಿನ್ನಿದ್ದ ದೊಡ್ಡ ಪ್ಲಗ್ 2003ರಿಂದ 24 ಪಿನ್ನಿನದಾಯಿತು. ಈ ಕಟ್ಟಳೆ ಇರುವುದರಿಂದಲೇ ಯಾವ ಕಂಪನಿಯ ಡಬ್ಬಿಯಾದರೂ ಪರೀಕ್ಷೆಯ ವಿಧಾನ ಒಂದೇ. ಕಂಪನಿಯ ರೆಡಿ ಕಂಪ್ಯೂಟರುಗಳಲ್ಲಿ ಕೆಲವಕ್ಕೆ ಪ್ಲಗ್ಗೇ ಬೇರೆ. ಈ ವಿಧಾನ ಅವಕ್ಕಲ್ಲ.

ಮೊದಲು ಕಣ್ಣಿನ ಪರೀಕ್ಷೆ

ಮೀಟರ್ ಹಿಡಿಯುವ ಮುಂಚೆ ಡಬ್ಬಿಯ ಮೈಮೇಲಿನ ಚೀಟಿ ಓದಿ. ಮೇಲೆ ದಪ್ಪ ಅಕ್ಷರದಲ್ಲಿ 450 ಎಂದಿದ್ದರೆ ಅಷ್ಟಕ್ಕೇ ಮರುಳಾಗಬೇಡಿ. ಕೆಳಗಿನ ಪಟ್ಟಿಯಲ್ಲಿ 12 ವೋಲ್ಟಿನ ಎದುರಿಗೆ ಎಷ್ಟು ಆಂಪಿಯರ್ ಎಂದಿದೆಯೋ ನೋಡಿ, ಅದನ್ನು 12ರಿಂದ ಗುಣಿಸಿ. 36 ಆಂಪಿಯರ್ ಇದ್ದರೆ 432 ವ್ಯಾಟ್ ಆಯಿತು, ಮಾತಿಗೆ ತಕ್ಕ ಡಬ್ಬಿ. 18 ಆಂಪಿಯರ್ ಮಾತ್ರ ಇದ್ದರೆ 216 ವ್ಯಾಟ್ ಆಯಿತು. 450 ಎನ್ನುವುದು ಹೆಸರಿಗಷ್ಟೇ! ಇವತ್ತಿನ ಕಂಪ್ಯೂಟರ್ ಹೆಚ್ಚಾಗಿ ಬಳಸುವುದು ಈ 12 ವೋಲ್ಟನ್ನೇ. ಗ್ರಾಫಿಕ್ಸ್ ಕಾರ್ಡ್ ಹಾಕುವುದಾದರೆ ಎಷ್ಟು ವ್ಯಾಟಿನ ಡಬ್ಬಿ ಬೇಕೆಂದು ಆ ಕಾರ್ಡಿನ ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಅದನ್ನೂ ಓದಿ.

80 ಪ್ಲಸ್ ಎಂಬ ಗುರುತನ್ನು ನೋಡಿರುತ್ತೀರಿ. ಕಂಚು, ಬೆಳ್ಳಿ, ಚಿನ್ನ ಎಂದು ಅದರಲ್ಲಿ ದರ್ಜೆಗಳುಂಟು. ತೆಗೆದುಕೊಂಡ ಕರೆಂಟಿನಲ್ಲಿ ಎಷ್ಟು ಭಾಗ ಕೆಲಸಕ್ಕೆ ಬರುತ್ತದೆ, ಎಷ್ಟು ಬಿಸಿಯಾಗಿ ಪೋಲಾಗುತ್ತದೆ ಎಂಬುದರ ಲೆಕ್ಕ ಅದು. ಗುರುತಿದ್ದರೆ ಒಳ್ಳೆಯದೇ. ಆದರೆ ನಿಮ್ಮ ಕೈಗೆ ಬಂದಿರುವ ಈ ಡಬ್ಬಿ ಸರಿಯಾಗಿದೆ ಎಂಬುದಕ್ಕೆ ಅದು ಜಾಮೀನಲ್ಲ.

ಹಿಂಭಾಗದಲ್ಲಿ 115 ಮತ್ತು 230 ಎಂದು ಬರೆದ ಪುಟ್ಟ ಕೆಂಪು ಸ್ವಿಚ್ ಇದೆಯೇ ನೋಡಿ. ಹಳೆಯ ಮತ್ತು ಅಗ್ಗದ ಡಬ್ಬಿಗಳಲ್ಲಿ ಇರುತ್ತದೆ. ಇದ್ದರೆ ಅದು 230ರ ಕಡೆಗೇ ಇರಬೇಕು. 115ಕ್ಕೆ ಇಟ್ಟು ನಮ್ಮ ಕರೆಂಟು ಕೊಟ್ಟರೆ ದೀಪಾವಳಿಯ ಪಟಾಕಿಯಂತೆ ಢಂ ಎಂದು ಹೋಗುತ್ತದೆ. ಡಬ್ಬಿಯನ್ನು ಮೆಲ್ಲಗೆ ಅಲ್ಲಾಡಿಸಿ. ಒಳಗೆ ಏನಾದರೂ ಗಲಗಲ ಎಂದರೆ ಪ್ಲಗ್ಗಿಗೆ ಹಾಕುವುದೇ ಬೇಡ, ವಾಪಸ್ಸು ಕಳಿಸಿ.

ಬೇಕಾಗುವ ಸಾಮಾನು

ಡಿಜಿಟಲ್ ಮಲ್ಟಿಮೀಟರ್ ಒಂದು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ, ಎರಡು ತುದಿ ಮಾತ್ರ ಸುಲಿದ, ಗೇಣುದ್ದದ ಗಟ್ಟಿ ತಾಮ್ರದ ವೈರ್ ಒಂದು. ಪೇಪರ್ ಕ್ಲಿಪ್ ಬಿಡಿಸಿ ಹಾಕುವವರೂ ಇದ್ದಾರೆ, ಆದರೆ ಹೊದಿಕೆ ಇರುವ ವೈರೇ ಮೇಲು. ಮರದ ಮೇಜು, ಭೂಮಿ ಕಟ್ಟಿದ ಮೂರು ಪಿನ್ನಿನ ಪ್ಲಗ್, ಒಂದು ಚೀಟಿ, ಒಂದು ಪೆನ್ನು.

ಮನೆಯಲ್ಲಿ ಸ್ಕ್ರೂಡ್ರೈವರಿನಂತಿರುವ, ಒಳಗೆ ದೀಪ ಹತ್ತುವ ಟೆಸ್ಟರ್ ಇರುತ್ತದಲ್ಲ, ಅದು ಈ ಕೆಲಸಕ್ಕೆ ಬರುವುದಿಲ್ಲ. 12 ವೋಲ್ಟಿಗೆ ಅದರ ದೀಪ ಹತ್ತುವುದೇ ಇಲ್ಲ. ಹತ್ತಲಿಲ್ಲವೆಂದು ಒಳ್ಳೆಯ ಡಬ್ಬಿಯನ್ನು ಕೆಟ್ಟಿದೆ ಎಂದು ತಿಳಿಯಬೇಡಿ.

ಮೀಟರಿನ ಕಪ್ಪು ಕಡ್ಡಿಯನ್ನು ಕಾಮ್ ಎಂದು ಬರೆದ ತೂತಿಗೆ, ಕೆಂಪು ಕಡ್ಡಿಯನ್ನು ವೋಲ್ಟ್ ಗುರುತಿನ ತೂತಿಗೆ ಸಿಕ್ಕಿಸಿ. 10 ಆಂಪಿಯರ್ ಎಂದು ಬರೆದ ತೂತಿಗೆ ಮಾತ್ರ ಹಾಕಕೂಡದು. ಗುಂಡಿಯನ್ನು ಡಿ.ಸಿ. 20 ವೋಲ್ಟಿಗೆ ತಿರುಗಿಸಿ. ಮೀಟರ್ ಸರಿಯಿದೆಯೇ ತಿಳಿಯಲು ಗೋಡೆ ಗಡಿಯಾರಕ್ಕೆ ಹಾಕುವ ಹೊಸ ಸೆಲ್ಲಿನ ಎರಡು ತುದಿಗೆ ಕಡ್ಡಿ ಇಟ್ಟು ನೋಡಿ. 1.5ರಿಂದ 1.6 ತೋರಿಸಿದರೆ ಮೀಟರನ್ನು ನಂಬಬಹುದು. ಈ ಕೆಲಸದಲ್ಲಿ ಕಡ್ಡಿಗಳನ್ನು ಗೋಡೆಯ ಪ್ಲಗ್ಗಿಗೆ ಮಾತ್ರ ಯಾವ ಕಾರಣಕ್ಕೂ ಇಡಬೇಡಿ.

ಮಾಡುವ ವಿಧಾನ

1. ಕೈ ಒರೆಸಿಕೊಂಡು, ಕಾಲಿಗೆ ಒಣ ಚಪ್ಪಲಿ ಹಾಕಿಕೊಂಡು, ಚಿಕ್ಕ ಮಕ್ಕಳನ್ನು ಆಚೆ ಕಳಿಸಿ ಕೆಲಸ ಶುರು ಮಾಡಿ. ಡಬ್ಬಿಯನ್ನು ಮೇಜಿನ ಮೇಲೆ ಫ್ಯಾನಿನ ಕಡೆ ಮೇಲಾಗಿ ಇಡಿ. ಅದರ ಯಾವ ವೈರೂ ಬೇರೆ ಯಾವುದಕ್ಕೂ ತಗುಲಿರಬಾರದು. ಹಾಸಿಗೆ, ಜಮಖಾನದ ಮೇಲೆ ಬೇಡ.

2. ಡಬ್ಬಿಯ ಹಿಂದಿನ ಸ್ವಿಚ್ಚಿನಲ್ಲಿ ಸೊನ್ನೆಯ ಗುರುತು ಒತ್ತಿ, ಅಂದರೆ ಆಫ್ ಮಾಡಿ, ಪ್ಲಗ್ ಹಾಕಿ. ಆಮೇಲೆ ಗೆರೆಯ ಗುರುತು ಒತ್ತಿ ಆನ್ ಮಾಡಿ. ಫ್ಯಾನು ತಿರುಗುವುದಿಲ್ಲ, ಸದ್ದಿರುವುದಿಲ್ಲ. ಗಾಬರಿ ಬೇಡ. ಈಗ ಡಬ್ಬಿ ಬೂದಿ ಮುಚ್ಚಿದ ಕೆಂಡದ ಹಾಗೆ. ಆರಿದಂತೆ ಕಂಡರೂ ಒಂದು ವೈರಿನಲ್ಲಿ ಮಾತ್ರ ಕರೆಂಟು ಇರುತ್ತದೆ, ಅದು ನೇರಳೆ ಬಣ್ಣದ್ದು. 24 ಪಿನ್ನಿನ ಪ್ಲಗ್ಗಿನಲ್ಲಿ ಮೀಟರಿನ ಕಪ್ಪು ಕಡ್ಡಿಯನ್ನು ಯಾವುದಾದರೂ ಕಪ್ಪು ವೈರಿನ ಜಾಗಕ್ಕೆ, ಕೆಂಪು ಕಡ್ಡಿಯನ್ನು ನೇರಳೆ ವೈರಿನ ಜಾಗಕ್ಕೆ ಇಡಿ. 5 ವೋಲ್ಟಿನ ಆಸುಪಾಸು ಬರಬೇಕು. ಬಾರದಿದ್ದರೆ ಗೋಡೆಯ ಪ್ಲಗ್ಗಿನಲ್ಲಿ ಕರೆಂಟಿದೆಯೇ, ವೈರು ಸರಿಯಾಗಿ ಕೂತಿದೆಯೇ ನೋಡಿ. ಅವೆರಡೂ ಸರಿಯಿದ್ದರೆ ಡಬ್ಬಿ ಸತ್ತಿದೆ ಎಂದೇ ಅರ್ಥ.

ಕಡ್ಡಿಯನ್ನು ಪ್ಲಗ್ಗಿನ ಮುಂದಿನ ಬಾಯಿಯಿಂದ ತೂರಿಸುವುದಕ್ಕಿಂತ, ವೈರು ಒಳಗೆ ಹೋಗುವ ಹಿಂಬದಿಯಿಂದ ತೂರಿಸುವುದು ಒಳ್ಳೆಯದು. ಪಕ್ಕದ ಪಿನ್ನಿಗೆ ತಗುಲಿ ಕಿಡಿ ಹಾರುವುದಿಲ್ಲ.

3. ಮತ್ತೆ ಹಿಂದಿನ ಸ್ವಿಚ್ ಆಫ್ ಮಾಡಿ. 24 ಪಿನ್ನಿನ ಪ್ಲಗ್ಗಿನಲ್ಲಿ ಹಸುರು ವೈರ್ ಒಂದೇ ಒಂದು ಇರುತ್ತದೆ. ಅದರ ಎರಡು ಪಕ್ಕದಲ್ಲೂ ಕಪ್ಪು ವೈರುಗಳು. ಸುಲಿದ ವೈರಿನ ಒಂದು ತುದಿಯನ್ನು ಹಸುರಿನ ತೂತಿಗೆ, ಇನ್ನೊಂದು ತುದಿಯನ್ನು ಪಕ್ಕದ ಕಪ್ಪಿನ ತೂತಿಗೆ ಭದ್ರವಾಗಿ ಸಿಕ್ಕಿಸಿ. ಕಂಪ್ಯೂಟರಿನ ಮುಂದಿನ ಗುಂಡಿ ಒತ್ತಿದಾಗ ಮದರ್‌ಬೋರ್ಡ್ ಮಾಡುವುದು ಇದನ್ನೇ, ಹಸುರನ್ನು ಕಪ್ಪಿಗೆ ಸೇರಿಸುವುದು. ಎರಡು ಸಲ ಕಣ್ಣಿಟ್ಟು ನೋಡಿ. ಹಳದಿಗೋ ಕೆಂಪಿಗೋ ಹಾಕಬಾರದು.

ಈಗಿನ ಕೆಲವು ಡಬ್ಬಿಗಳಲ್ಲಿ ವೈರುಗಳೆಲ್ಲ ಕಪ್ಪೇ ಇರುತ್ತವೆ. ನೋಡಲು ಚೆಂದ, ಪರೀಕ್ಷೆಗೆ ಕಷ್ಟ. ಅಂಥದ್ದಕ್ಕೆ ಅಂದಾಜಿನ ಮೇಲೆ ವೈರ್ ಹಾಕಲೇಬೇಡಿ. ಡಬ್ಬಿಯ ಜೊತೆ ಬಂದ ಪುಸ್ತಿಕೆಯ ಚಿತ್ರದಲ್ಲಿ 16ನೆಯ ಪಿನ್ ಯಾವುದೆಂದು ನೋಡಿಕೊಳ್ಳಿ. ಹಸುರಿನ ಜಾಗ ಅದೇ. ಅದಕ್ಕಿಂತ ಸುಲಭವೆಂದರೆ ಪವರ್ ಸಪ್ಲೈ ಟೆಸ್ಟರ್ ಎಂದೇ ಸಿಗುವ ಅಂಗೈಯಗಲದ ಉಪಕರಣ. ಪ್ಲಗ್ ಅದಕ್ಕೆ ಸಿಕ್ಕಿಸಿದರೆ ವೋಲ್ಟುಗಳೆಲ್ಲ ಅದರ ಪರದೆಯ ಮೇಲೆ ಬರುತ್ತವೆ. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಕೇಳಿ ನೋಡಿ. ನಾಲ್ಕು ಮನೆಯವರು ಸೇರಿ ಒಂದು ತರಿಸಿಕೊಂಡರೂ ಆಯಿತು.

4. ಹಿಂದಿನ ಸ್ವಿಚ್ ಆನ್ ಮಾಡಿ. ಫ್ಯಾನು ತಿರುಗಬೇಕು. ಆದರೆ ಒಳ್ಳೆಯ ದರ್ಜೆಯ ಕೆಲವು ಡಬ್ಬಿಗಳಲ್ಲಿ ಬಿಸಿ ಏರುವ ತನಕ ಫ್ಯಾನು ತಿರುಗುವುದೇ ಇಲ್ಲ. ಆದ್ದರಿಂದ ಫ್ಯಾನು ನಿಂತಿದೆ ಎಂದು ತೀರ್ಪು ಕೊಡಬೇಡಿ, ಮೀಟರ್ ಹಿಡಿದು ನೋಡಿ.

5. ಈಗ ಒಂದೊಂದೇ ಬಣ್ಣ ಅಳೆದು ಚೀಟಿಯಲ್ಲಿ ಬರೆಯಿರಿ. ಕಪ್ಪು ಕಡ್ಡಿ ಯಾವಾಗಲೂ ಕಪ್ಪು ವೈರಿನಲ್ಲೇ ಇರಲಿ.

ಹಳದಿ: 12 ವೋಲ್ಟ್. 11.4ರಿಂದ 12.6ರ ಒಳಗಿರಬೇಕು.
ಕೆಂಪು: 5 ವೋಲ್ಟ್. 4.75ರಿಂದ 5.25ರ ಒಳಗೆ.
ಕಿತ್ತಳೆ: 3.3 ವೋಲ್ಟ್. 3.14ರಿಂದ 3.46ರ ಒಳಗೆ.
ನೇರಳೆ: 5 ವೋಲ್ಟ್. 4.75ರಿಂದ 5.25ರ ಒಳಗೆ.
ನೀಲಿ: 12 ವೋಲ್ಟ್, ಹಿಂದೆ ಕಳೆಯುವ ಚಿಹ್ನೆಯೊಡನೆ. 10.8ರಿಂದ 13.2ರ ಒಳಗೆ.
ಬೂದು: 5 ವೋಲ್ಟಿನ ಹತ್ತಿರ.

ಬೂದು ಬಣ್ಣದ ವೈರ್ ಬಲು ಮುಖ್ಯ. ಎಲ್ಲ ವೋಲ್ಟೂ ನೆಟ್ಟಗೆ ನಿಂತ ಮೇಲೆ, ಅರ್ಧ ಸೆಕೆಂಡಿನ ಒಳಗೆ, "ಅಡುಗೆ ಆಯಿತು, ಎಲೆ ಹಾಕಿ" ಎಂದು ಡಬ್ಬಿಯು ಮದರ್‌ಬೋರ್ಡಿಗೆ ಹೇಳಿಕಳಿಸುವುದು ಈ ವೈರಿನಲ್ಲಿ. ಇದು ಬಾರದಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ಕಂಪ್ಯೂಟರ್ ಏಳುವುದಿಲ್ಲ.

6. ಹತ್ತು ಹದಿನೈದು ನಿಮಿಷ ಹಾಗೆಯೇ ಓಡಲು ಬಿಡಿ. ಪಕ್ಕದಲ್ಲೇ ಇರಿ, ಒಲೆಯ ಮೇಲೆ ಹಾಲಿಟ್ಟು ಹೋದ ಹಾಗೆ ಹೋಗಬೇಡಿ. ಸುಟ್ಟ ವಾಸನೆ, ಚಟಪಟ ಸದ್ದು ಬಂದರೆ ಮೊದಲು ಗೋಡೆಯ ಸ್ವಿಚ್ ತೆಗೆಯಿರಿ. ಏನೂ ಇಲ್ಲದಿದ್ದರೆ ಇನ್ನೊಂದು ಸಲ ಅಳೆದು ಮೊದಲಿನ ಅಂಕಿಯ ಪಕ್ಕದಲ್ಲಿ ಬರೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು.

7. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಒಂದೆರಡು ನಿಮಿಷ ಬಿಟ್ಟು ವೈರ್ ತೆಗೆಯಿರಿ.

ಇಷ್ಟಾದರೆ ಸಾಕೇ?

ಸಾಲದು, ಸೋದರಿಯರೆ. ಇಲ್ಲೇ ಬಹಳ ಜನ ಮೋಸ ಹೋಗುವುದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು, ನಿಜ. ಆದರೆ ಫ್ಯಾನು ತಿರುಗಿತು ಎನ್ನುವುದು ಅಂಥ ಅಗುಳಲ್ಲ. ಬರೀ ಡಬ್ಬಿಯ ಪರೀಕ್ಷೆ ಎಂದರೆ ಖಾಲಿ ಗಾಡಿ ಎಳೆಯುವ ಎತ್ತನ್ನು ನೋಡಿದ ಹಾಗೆ. ಮೂಟೆ ಹೇರಿದ ಮೇಲಲ್ಲವೇ ಎತ್ತಿನ ಕಸುವು ತಿಳಿಯುವುದು? ಮೈದುನನ ಅಂಗಡಿಗೆ ಬಂದ ಒಂದು ಡಬ್ಬಿ ಖಾಲಿ ಇದ್ದಾಗ 12.1 ವೋಲ್ಟ್ ತೋರಿಸಿ ಒಳ್ಳೆಯ ಮಗುವಿನಂತಿತ್ತು. ಕಂಪ್ಯೂಟರಿಗೆ ಹಾಕಿ ಕೆಲಸ ಕೊಟ್ಟ ಕೂಡಲೆ 10.9ಕ್ಕೆ ಇಳಿದು, ಕಂಪ್ಯೂಟರ್ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳತೊಡಗಿತು. ಅಂಗೈಯಗಲದ ಟೆಸ್ಟರ್ ಕೊಡುವ ಭಾರವೂ ಅತ್ಯಲ್ಪ. ಇನ್ನು ಕರೆಂಟಿನಲ್ಲಿರುವ ಸಣ್ಣ ಸಣ್ಣ ಅಲೆಗಳಂತೂ ಮೀಟರಿಗೆ ಕಾಣುವುದೇ ಇಲ್ಲ. 12 ವೋಲ್ಟಿನಲ್ಲಿ ಆ ಅಲೆ 120 ಮಿಲಿವೋಲ್ಟ್ ಮೀರಬಾರದೆಂದು ನಿಯಮವಿದೆ, ಆದರೆ ಅದನ್ನು ನೋಡಲು ಆಸಿಲೋಸ್ಕೋಪ್ ಬೇಕು.

ಹಾಗಾದರೆ ಮೊದಲ ಪರೀಕ್ಷೆಯಿಂದ ಲಾಭವೇನು ಅನ್ನುತ್ತೀರಾ? ಸತ್ತ ಡಬ್ಬಿಯನ್ನೂ, ಅಳತೆ ತಪ್ಪಿ ಹೆಚ್ಚು ವೋಲ್ಟ್ ಬಿಡುವ ಅಪಾಯದ ಡಬ್ಬಿಯನ್ನೂ ಅದು ಬಾಗಿಲಲ್ಲೇ ನಿಲ್ಲಿಸುತ್ತದೆ. ಮದರ್‌ಬೋರ್ಡನ್ನು ಸುಡುವಂಥದ್ದು ಮುಖ್ಯವಾಗಿ ಈ ಎರಡನೆಯ ಬಗೆ. ಆದ್ದರಿಂದ ಮೊದಲ ಪರೀಕ್ಷೆಯಲ್ಲಿ ನಪಾಸಾದ ಡಬ್ಬಿ ಖಂಡಿತ ಬೇಡ. ಪಾಸಾದದ್ದಕ್ಕೆ ಎರಡನೆಯ ಪರೀಕ್ಷೆ ಇಡಬೇಕು.

ಎರಡನೆಯದನ್ನು ಹುಡುಗರು ಮಾಡಲಿ. ಕ್ಯಾಬಿನೆಟ್ಟಿಗೆ ಕೂರಿಸುವ ಮುಂಚೆ ಮದರ್‌ಬೋರ್ಡನ್ನು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರ್, ಅದರ ಕೂಲರ್, ಮೆಮೊರಿ ಒಂದೇ ಒಂದು, ಮಾನಿಟರ್, ಇಷ್ಟನ್ನು ಮಾತ್ರ ಸೇರಿಸಿ ಹೊತ್ತಿಸುವುದು. ಬಯೋಸ್ ಪರದೆ ಬಂದರೆ ಅರ್ಧ ಗೆದ್ದಂತೆ. ಆಗ ಡಬ್ಬಿಯಿಂದ ಬರುವ, ಹಳದಿ, ಎರಡು ಕಪ್ಪು, ಕೆಂಪು ಹೀಗೆ ನಾಲ್ಕು ವೈರಿರುವ ಬಿಳಿ ಪ್ಲಗ್ಗಿನಲ್ಲಿ ಮತ್ತೆ ವೋಲ್ಟ್ ನೋಡಿ ಚೀಟಿಯಲ್ಲಿ ಬರೆಯಿರಿ. ಎಲ್ಲ ಜೋಡಿಸಿ ಮುಗಿದ ಮೇಲೆ, ಕಂಪ್ಯೂಟರಿಗೆ ಅರ್ಧ ಗಂಟೆ ಭಾರೀ ಕೆಲಸ ಕೊಟ್ಟು ಅದೇ ಜಾಗದಲ್ಲಿ ಕೊನೆಯ ಸಲ ಅಳೆಯಿರಿ. ಆಗಲೂ ಹಳದಿ 11.4ಕ್ಕಿಂತ ಕೆಳಗೆ ಇಳಿಯದಿದ್ದರೆ ಮೀಟರಿನಿಂದ ತಿಳಿಯುವಷ್ಟರ ಮಟ್ಟಿಗೆ ಡಬ್ಬಿ ಪಾಸು.

ಇವು ಮಾತ್ರ ಮಾಡಬೇಡಿ

ಡಬ್ಬಿಯ ಸ್ಕ್ರೂ ಬಿಚ್ಚಿ ಒಳಗೆ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು. ಅದು ಪ್ರಾಣಕ್ಕೇ ಅಪಾಯ. ಧೂಳು ಹೊಡೆಯುವುದಾದರೂ ಹೊರಗಿನಿಂದಲೇ.

ವೈರುಗಳನ್ನು ಬೇಕಾದಂತೆ ತೆಗೆದು ಸಿಕ್ಕಿಸಬಹುದಾದ ಡಬ್ಬಿಗಳಿವೆ. ಒಂದು ಡಬ್ಬಿಯ ವೈರನ್ನು ಇನ್ನೊಂದು ಡಬ್ಬಿಗೆ ಎಂದೂ ಹಾಕಬೇಡಿ. ಮದರ್‌ಬೋರ್ಡಿನ ಕಡೆಯ ತುದಿಗೆ ಕಟ್ಟಳೆ ಉಂಟು, ಡಬ್ಬಿಯ ಕಡೆಯ ತುದಿಗೆ ಇಲ್ಲ. ಸರಿಯಾಗಿ ಕೂತಂತೆ ಕಂಡರೂ ಒಳಗೆ ಅದಲುಬದಲಾಗಿ ಡಿಸ್ಕ್ ಸುಡುತ್ತದೆ. ಹಾಗೆಯೇ ಪ್ರೊಸೆಸರಿನ 8 ಪಿನ್ನಿನ ಪ್ಲಗ್ಗೂ ಗ್ರಾಫಿಕ್ಸ್ ಕಾರ್ಡಿನ 8 ಪಿನ್ನಿನ ಪ್ಲಗ್ಗೂ ನೋಡಲು ಅಕ್ಕತಂಗಿಯರಂತೆ. ಮೊದಲನೆಯದು ನಾಲ್ಕು ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ, ಎರಡನೆಯದು ಆರು ಮತ್ತು ಎರಡಾಗಿ. ಒಂದರ ಜಾಗಕ್ಕೆ ಇನ್ನೊಂದನ್ನು ಒತ್ತಿ ತುರುಕಬಾರದು.

ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನು ಭೂಮಿಯದು. ಅದನ್ನು ಮುರಿದು ಎರಡು ಪಿನ್ನಿನ ಪ್ಲಗ್ಗಿಗೆ ಹಾಕುವ ದುರಭ್ಯಾಸ ನಮ್ಮಲ್ಲಿ ಉಂಟು. ಕೆಲವು ಮನೆಗಳಲ್ಲಿ ಕಂಪ್ಯೂಟರಿನ ಕಬ್ಬಿಣ ಮುಟ್ಟಿದರೆ ಜುಮ್ಮೆನ್ನುತ್ತದೆ. ಡಬ್ಬಿ ಚೆನ್ನಾಗಿದ್ದರೂ ಹೀಗಾಗಬಹುದು, ಹೆಚ್ಚಾಗಿ ಅದು ಮನೆಯ ಅರ್ಥಿಂಗ್ ಇಲ್ಲದ್ದರ ಗುರುತು. ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ ಭೂಮಿ ಸರಿಮಾಡಿಸಿ.

ಕರೆಂಟು ಹೋಗುವುದು ನಮ್ಮ ಊರುಗಳಲ್ಲಿ ಹೊಸದಲ್ಲ. ಕಂಪ್ಯೂಟರನ್ನು ಮನೆಯ ಇನ್ವರ್ಟರಿನ ಮೇಲೆ ಓಡಿಸುವುದಾದರೆ, ಇನ್ವರ್ಟರಿನಲ್ಲಿ ಯುಪಿಎಸ್ ಎಂಬ ಸ್ವಿಚ್ ಇದೆಯೇ ನೋಡಿ, ಅದಕ್ಕೇ ಇಡಿ. ಕರೆಂಟು ಬದಲಾಗುವ ಆ ಕ್ಷಣದ ಅಂತರ ಆಗ ಕಡಿಮೆ. ಇಲ್ಲದಿದ್ದರೆ ಆ ಕ್ಷಣದಲ್ಲಿ ಕಂಪ್ಯೂಟರ್ ಆರುತ್ತದೆ, ನೀವು ಒಳ್ಳೆಯ ಡಬ್ಬಿಯನ್ನು ಬಯ್ಯುತ್ತೀರಿ.

ನಪಾಸಾದರೆ?

ಅಂಗಡಿಯಲ್ಲಿ ಕೊಳ್ಳುವವರು ಅಲ್ಲೇ ಹಾಕಿ ತೋರಿಸಿ ಎಂದು ಕೇಳಿ. ಕೇಳಲು ಸಂಕೋಚ ಬೇಡ, ಬಲ್ಬಿಗೆ ಕೇಳುತ್ತೇವಲ್ಲ! ಡಬ್ಬಿಯ ಸೀರಿಯಲ್ ನಂಬರ್ ಬರೆದ ಬಿಲ್ಲು ತೆಗೆದುಕೊಳ್ಳಿ. ಅಂಚೆಯಲ್ಲಿ ತರಿಸಿದವರು ಪಾರ್ಸೆಲ್ ಬಿಚ್ಚುವಾಗ ಮೊಬೈಲಿನಲ್ಲಿ ಚಿತ್ರ ಹಿಡಿದಿಟ್ಟುಕೊಳ್ಳಿ. ವಾಪಸ್ಸು ಕಳಿಸುವ ಗಡುವು ಕೆಲವೇ ದಿನದ್ದು, ಆದ್ದರಿಂದ ಉಳಿದ ಸಾಮಾನು ಬರಲಿ ಎಂದು ಕಾಯದೆ, ಡಬ್ಬಿ ಬಂದ ದಿನವೇ ಪರೀಕ್ಷೆ ಮಾಡಿ. ವಾರಂಟಿಯ ಸ್ಟಿಕ್ಕರ್ ಕೀಳಬೇಡಿ. ಕೆಟ್ಟ ಮಾಲನ್ನು ಬದಲಿಸಿಕೊಡಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ಆಗ ನಿಮ್ಮ ಚೀಟಿಯಲ್ಲಿ ಬರೆದ ಅಂಕಿಗಳು ಮಾತಿಗೆ ಬಲ ಕೊಡುತ್ತವೆ.

ಪತ್ರ ಬರೆದ ಸೋದರಿಗೆ ಒಂದು ಮಾತು. ನೀವು ಸುಮ್ಮನಿರಬೇಡಿ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ವೈರ್ ಸಿಕ್ಕಿಸುವುದು ಅವನ ಕೆಲಸ, ಮೀಟರ್ ಓದಿ ಚೀಟಿಯಲ್ಲಿ ಬರೆಯುವುದು ನಿಮ್ಮ ಕೆಲಸ. ಕಾಲಿಂಚಿನ ಲೆಕ್ಕದಲ್ಲಿ ರವಿಕೆಯ ಅಳತೆ ತೆಗೆಯುವ ಕಣ್ಣಿಗೆ 11.4 ಯಾವುದು, 12.6 ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಎಲ್ಲ ಸರಿಯಾದ ಮೇಲೆ ಆ ಚೀಟಿಗೆ ತಾರೀಖು ಹಾಕಿ ಬಿಲ್ಲಿನ ಜೊತೆ ಬೀರುವಿನಲ್ಲಿಡಿ. ನಾಲ್ಕು ವರ್ಷದ ನಂತರ ಕಂಪ್ಯೂಟರ್ ತೊಂದರೆ ಕೊಟ್ಟರೆ ಮತ್ತೆ ಅಳೆದು, ಹಳೆಯ ಅಂಕಿಯ ಪಕ್ಕದಲ್ಲಿಟ್ಟು ನೋಡಬಹುದು. ಏನಾಯಿತೆಂದು ನಮಗೂ ಒಂದು ಕಾರ್ಡು ಹಾಕಿ.

ಮುಂದಿನ ಸಂಚಿಕೆಯಲ್ಲಿ: ಇನ್ವರ್ಟರ್ ಬ್ಯಾಟರಿಗೆ ನೀರು ಹಾಕುವುದು ಯಾವಾಗ, ಯಾವ ನೀರು, ಎಷ್ಟು.